ಬಾದಾಮಿಯ ಬೆಳಗು: ಮೊದಲು ಗುಡ್ಡ, ಆಮೇಲೆ ಕೆರೆ

ಬಾದಾಮಿಗೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಗುಡ್ಡದ ನಾಲ್ಕು ಗುಹೆ ನೋಡಿ ಪಟ್ಟದಕಲ್ಲಿಗೆ ಹೊರಟುಬಿಡುತ್ತಾರೆ. ಎದುರು ದಂಡೆಯ ಉತ್ತರ ಗುಡ್ಡ, ಅದರ ಬುಡದಲ್ಲೇ ಅಗಸ್ತ್ಯ ತೀರ್ಥವೆಂಬ ಕೆರೆಯ ಅಂಚು ಹಿಡಿದು ಭೂತನಾಥ ಗುಡಿಗೆ ಹೋಗುವ ದಾರಿ, ಎರಡೂ ಉಳಿದುಹೋಗುತ್ತವೆ. ಎರಡೂವರೆ ತಾಸು ಕೈಯಲ್ಲಿದ್ದರೆ ಈ ಊರಿನಲ್ಲಿ ಬೆಳಗಿನ ಹೊತ್ತಿಗೆ ಇದಕ್ಕಿಂತ ಒಳ್ಳೆಯ ನಡಿಗೆ ಇಲ್ಲ. ಆದರೆ ಯಾವುದನ್ನು ಮೊದಲು ನಡೆಯುತ್ತೀರಿ ಅನ್ನುವುದು ಮುಖ್ಯ.

ಎಲ್ಲರೂ ಮೊದಲು ಕೆರೆ ಸುತ್ತಿ ಆಮೇಲೆ ಗುಡ್ಡ ಹತ್ತುತ್ತಾರೆ. ಅದು ತಪ್ಪು. ಗುಡ್ಡದ ನೆತ್ತಿಯಲ್ಲಿ ನೆರಳಿಲ್ಲ. ಬಿಸಿಲೇರಿದ ಮೇಲೆ ಕೆಂಪು ಮರಳುಗಲ್ಲು ಕಾದು ಕೆಳಗಿನಿಂದಲೂ ಸುಡುತ್ತದೆ. ಭೂತನಾಥ ಗುಡಿ ಇರುವುದು ಕೆರೆಯ ಪೂರ್ವದ ತುದಿಯಲ್ಲಿ, ಬೆನ್ನಿಗೇ ದೊಡ್ಡ ಬಂಡೆಗೋಡೆ. ಸೂರ್ಯ ಅದನ್ನು ದಾಟಿ ಬರಲು ಹೊತ್ತು ಬೇಕು, ಹಾಗಾಗಿ ಅಲ್ಲಿ ತಂಪು ಬಹಳ ಹೊತ್ತು ನಿಲ್ಲುತ್ತದೆ. ಗುಡ್ಡ ಮೊದಲು, ಕೆರೆ ಆಮೇಲೆ. ಗುಡ್ಡದ ಕೋಟೆಯ ಬಾಗಿಲು ಎಷ್ಟಕ್ಕೆ ತೆರೆಯುತ್ತದೆ ಎಂದು ಹಿಂದಿನ ಸಂಜೆಯೇ ಅಲ್ಲಿ ಕೇಳಿಟ್ಟುಕೊಳ್ಳಿ.

ಗುಡ್ಡದ ದಾರಿ ವಸ್ತುಸಂಗ್ರಹಾಲಯದ ಪಕ್ಕದಿಂದ ಏರುತ್ತದೆ. ಸ್ವಲ್ಪ ಮೇಲೆ ಹೋದರೆ ಎರಡು ಬಂಡೆಗಳ ನಡುವಿನ ಕಿರಿದಾದ ಸೀಳು. ಎರಡೂ ಕಡೆ ಗೋಡೆಯಂತೆ ನಿಂತ ಕಲ್ಲು, ನಡುವೆ ಕೋಟೆಯ ಬಾಗಿಲುಗಳು. ಇಡೀ ನಡಿಗೆಯ ಚೆಂದವೆಲ್ಲ ಈ ಸೀಳಿನಲ್ಲಿದೆ, ಅವಸರ ಮಾಡಬೇಡಿ. ಪಾವಟಿಗೆಗಳು ಒಂದೇ ಎತ್ತರದವಲ್ಲ, ಕೆಲವು ಮೊಣಕಾಲಿಗೆ ಬರುತ್ತವೆ. ಏರುವುದಕ್ಕಿಂತ ಇಳಿಯುವಾಗ ಜಾರುವವರೇ ಹೆಚ್ಚು: ಮರಳುಗಲ್ಲು ಸವೆದು ಉದುರಿದ ಮರಳು ನುಣುಪಾದ ಕಲ್ಲಿನ ಮೇಲೆ ಕೂತಿರುತ್ತದೆ, ಸವೆದ ಅಟ್ಟೆಯ ಚಪ್ಪಲಿ ಅದರ ಮೇಲೆ ನಿಲ್ಲುವುದಿಲ್ಲ. ಹಿಡಿತವಿರುವ ಬೂಟೇ ಬೇಕು. ಮಳೆಗಾಲದಲ್ಲಿ ಇದಕ್ಕೆ ಪಾಚಿಯೂ ಸೇರುತ್ತದೆ.

ಮಂಗಗಳ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅವು ನೋಡುವುದು ಕೈಯಲ್ಲಿರುವ ಪ್ಲಾಸ್ಟಿಕ್ ಚೀಲವನ್ನು. ಒಳಗೆ ತಿನಿಸು ಇಲ್ಲದಿದ್ದರೂ ಸರಿಯೇ, ಕಿತ್ತುಕೊಳ್ಳುತ್ತವೆ. ತಲೆಗೆ ಒಂದು ಲೀಟರ್ ನೀರು, ಅದೂ ಜಿಪ್ ಹಾಕಿದ ಬೆನ್ನುಚೀಲದ ಒಳಗೆ. ತಿಂಡಿ ತರಲೇಬೇಡಿ. ಇಕ್ಕಟ್ಟಿನ ಜಾಗದಲ್ಲಿ ಎದುರಾದರೆ ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಹಲ್ಲು ಕಿರಿಯದೆ, ಬದಿಗೆ ಸರಿದು ದಾರಿ ಬಿಡಿ.

ನಿಂತು ನಿಂತು ಹತ್ತಿದರೂ ಅರ್ಧ ತಾಸಿನಲ್ಲಿ ಮೇಲಿನ ಶಿವಾಲಯ ತಲುಪಬಹುದು. ಹೆಸರು ಶಿವಾಲಯ, ಗೋಡೆಯ ಮೇಲಿರುವುದು ಮಾತ್ರ ಗೋವರ್ಧನ ಎತ್ತಿದ ಕೃಷ್ಣ, ಹಿರಣ್ಯಕಶಿಪುವನ್ನು ಸೀಳುವ ನರಸಿಂಹ. ತಳಪಾಯದ ಪಟ್ಟಿಕೆಯನ್ನು ಬಗ್ಗಿ ನೋಡಿ, ರಾಮಾಯಣದ ಸಾಲುಚಿತ್ರಗಳಿವೆ. ಚಾಲುಕ್ಯ ದೊರೆ ಒಂದನೇ ಪುಲಕೇಶಿ ಈ ಬೆಟ್ಟವನ್ನು ಕೋಟೆಯಾಗಿಸಿದ್ದನ್ನು ಹೇಳುವ ಕ್ರಿ.ಶ. 543ರ ಶಾಸನವಿರುವುದೂ ಈ ಗುಡ್ಡದ ಬಂಡೆಯ ಮೇಲೆಯೇ. ಮೇಲಿನಿಂದ ಕಾಣುವ ಹಸಿರು ನೀರು, ಆಚೆಯ ಗುಹೆಗಳ ಗುಡ್ಡ, ಬುಡದ ಊರು ಮೂರನ್ನೂ ಒಟ್ಟಿಗೆ ಕಂಡಾಗ ವಾತಾಪಿಯನ್ನು, ಅಂದರೆ ಹಳೆಯ ಬಾದಾಮಿಯನ್ನು, ಇಲ್ಲೇ ಏಕೆ ಕಟ್ಟಿದರೆಂದು ತಾನೇ ತಿಳಿಯುತ್ತದೆ. ಮಾಲೆಗಿತ್ತಿ ಶಿವಾಲಯಕ್ಕೆ ದಾರಿ ಬೇರೆ; ಇದರ ಜೊತೆಗೆ ಸೇರಿಸಲು ಹೋದರೆ ಕೆರೆಯ ತಂಪು ತಪ್ಪುತ್ತದೆ.

ಇಳಿದ ಮೇಲೆ ಕೆರೆಯಂಚಿನದು ಸಮತಟ್ಟಾದ ದಾರಿ, ಮಂಡಿನೋವಿನ ಹಿರಿಯರೂ ನಡೆಯಬಹುದು. ನೀರಿನ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಜಾಗದಲ್ಲಿ ಸೋಪಿನ ನೀರಿರುತ್ತದೆ, ಅಲ್ಲಿ ಇಳಿಯಬೇಡಿ. ಒಗೆಯುವವರ ಫೋಟೊವನ್ನೂ ಕೇಳದೆ ತೆಗೆಯಬೇಡಿ. ಭೂತನಾಥನ ಮಂಟಪ ಪಶ್ಚಿಮಕ್ಕೆ, ನೀರಿನ ಕಡೆಗೆ ತೆರೆದಿದೆ. ಫೋಟೊಗೆಂದೇ ಬರುವವರಿಗೆ ಬೆಳಗು ಸಲ್ಲದು, ಗುಡಿಯ ಮುಖಕ್ಕೆ ಹೊನ್ನಿನ ಬಣ್ಣ ಬರುವುದು ಸಂಜೆ. ಕೂತು ನೀರು ನೋಡುವವರಿಗೆ ಬೆಳಗೇ ಮೇಲು. ಗುಡಿಯ ಹಿಂಬದಿಗೆ ಹೋಗದೆ ಮರಳಬೇಡಿ, ಅಲ್ಲಿ ಬಂಡೆಯಲ್ಲೇ ಕೊರೆದ ಅನಂತಶಯನನಿದ್ದಾನೆ. ಕೆರೆಯ ಈಶಾನ್ಯದ ಕಡೆಯ ಬಂಡೆಯ ಮೇಲೆ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಕನ್ನಡ ಓದುವವರು ಅದನ್ನು ಹುಡುಕದೆ ಬರುವುದು ನಿಜಕ್ಕೂ ನಷ್ಟ. ಸ್ಥಳೀಯರನ್ನು ಕೇಳಿದರೆ ತೋರಿಸುತ್ತಾರೆ.

ಚಳಿಗಾಲ ಉತ್ತಮ. ಮಾರ್ಚಿನಿಂದ ಮೇ ತನಕ ಬರುವುದಾದರೆ ಎಂಟಕ್ಕೆಲ್ಲ ಗುಡ್ಡ ಇಳಿದಿರಬೇಕು. ಅಕ್ಕ-ತಂಗಿ ಜಲಪಾತ ಧುಮುಕುವುದು ಜೋರು ಮಳೆ ಬಿದ್ದಾಗ ಮಾತ್ರ, ಅದನ್ನೇ ನಂಬಿ ದಿನ ಗೊತ್ತು ಮಾಡಬೇಡಿ. ರೈಲು ನಿಲ್ದಾಣ ಊರಿಂದ ಐದು ಕಿಲೋಮೀಟರ್ ದೂರ, ಟಂಟಂ ಆಟೊಗಳು ಸಿಗುತ್ತವೆ.

ತಿರುಗಿ ಬರುವ ಹೊತ್ತಿಗೆ ಒಂಬತ್ತಾಗಿ ವಸ್ತುಸಂಗ್ರಹಾಲಯ ತೆರೆದಿರುತ್ತದೆ. ನಾಗನಾಥಕೊಳ್ಳದಿಂದ ತಂದಿಟ್ಟ ಲಜ್ಜಾಗೌರಿಯ ಶಿಲ್ಪಕ್ಕಾಗಿಯಾದರೂ ಒಳಗೆ ಹೋಗಿ. ಶುಕ್ರವಾರ ಮಾತ್ರ ರಜೆ.