ಒಂದೇ ನಕಲು ಜೋಡಿ, ಐದು ಸಾಧನಗಳು: ಯಾವುದು ಹಿಡಿಯಿತು, ಯಾವುದು ಬಿಟ್ಟಿತು

ಒಂದೇ ದೋಷವನ್ನು ನಾನು ಮೂರು ಸಲ ಸರಿಪಡಿಸಿದ್ದೇನೆ. ಗಡುವಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕುವ, ಇಪ್ಪತ್ತು ಸಾಲಿನ ಒಂದು ಜಾವಾ ಫಂಕ್ಷನ್. ಗಡುವನ್ನು ವಿಸ್ತರಿಸಿದ ದಿನಾಂಕ ಖಾಲಿ ಇರುವ ದಾಖಲೆ ಬಂದರೆ ಅದು ಕುಸಿದುಬೀಳುತ್ತಿತ್ತು. ಫಂಕ್ಷನ್ನಿನ ನಟ್ಟನಡುವೆ ಮೂರು ಸಾಲಿನ ತಪಾಸಣೆ ಸೇರಿಸಿ ಕೈತೊಳೆದುಕೊಂಡೆ. ಮೂರು ವಾರ ಕಳೆದ ಮೇಲೆ ಅದೇ ದೂರು ಇನ್ನೊಂದು ಪರದೆಯಿಂದ ಬಂತು. ಹುಡುಕಿದರೆ ಅದೇ ಫಂಕ್ಷನ್ ಬೇರೆ ಹೆಸರಿನಲ್ಲಿ, ಬೇರೆ ಪ್ಯಾಕೇಜಿನಲ್ಲಿ ಕುಳಿತಿತ್ತು. ಯಾರೋ ಕಾಪಿ ಮಾಡಿ ಎರಡು ವೇರಿಯಬಲ್‌ಗಳ ಹೆಸರು ಬದಲಿಸಿದ್ದರು. ಕಮಿಟ್ ಇತಿಹಾಸ, ಅಂದರೆ ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆ, ತೆರೆದು ನೋಡಿದೆ. ಆ ಯಾರೋ ನಾನೇ.

ನಕಲು ಕೋಡ್ ಹುಡುಕುವ ಸಾಧನಗಳನ್ನು ಹೋಲಿಸಬೇಕೆಂದು ಹೊರಟದ್ದು ಆಗಲೇ. ಯಾವುದು ಎಷ್ಟು ಶೇಕಡಾ ತೋರಿಸುತ್ತದೆ ಎಂಬುದರ ಬದಲು ಒಂದೇ ಪ್ರಶ್ನೆ ಇಟ್ಟುಕೊಂಡೆ: ನನ್ನನ್ನು ಕಚ್ಚಿದ ಈ ಜೋಡಿಯನ್ನು ಯಾವುದು ಹಿಡಿಯುತ್ತದೆ? ಎರಡನೆಯ ನಕಲನ್ನು ಮುಟ್ಟದೆ ಹಾಗೆಯೇ ಬಿಟ್ಟು ಒಂದು ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ಮಾಡಿಕೊಂಡು, ಒಂದೊಂದೇ ಸಾಧನವನ್ನು ಅದರ ಮೇಲೆ ಓಡಿಸಿದೆ.

ಮೊದಲಿಗೆ ಜೆಎಸ್‌ಸಿಪಿಡಿ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಇದ್ದರೆ ಒಂದೇ ಆದೇಶದಲ್ಲಿ ಓಡುತ್ತದೆ. 150ಕ್ಕೂ ಹೆಚ್ಚು ಬಗೆಯ ಕಡತಗಳನ್ನು ಓದಬಲ್ಲದು. ನಾವಾಗಿ ಏನನ್ನೂ ಹೇಳದಿದ್ದರೆ ಕನಿಷ್ಠ 5 ಸಾಲು, 50 ಟೋಕನ್ (ಕೋಡಿನ ಒಂದೊಂದು ಪದ, ಸಂಖ್ಯೆ ಅಥವಾ ಚಿಹ್ನೆ) ಒಂದೇ ತೆರನಾಗಿದ್ದರೆ ನಕಲು ಎನ್ನುತ್ತದೆ. ವರದಿಯ ಪುಟವೂ ಅಚ್ಚುಕಟ್ಟು. ಟೆಸ್ಟ್‌ಗಳಲ್ಲಿ ಮತ್ತೆ ಮತ್ತೆ ಬರೆದ ಸಿದ್ಧತೆಯ ಸಾಲುಗಳು, ಎರಡು ಸ್ಟೈಲ್ ಕಡತಗಳ ನಡುವಿನ ಮಕ್ಕಿಕಾಮಕ್ಕಿ ತುಣುಕುಗಳು ಎಲ್ಲವೂ ಸಾಲಾಗಿ ಬಂದವು. ನನ್ನ ಜೋಡಿ ಬರಲಿಲ್ಲ.

ನಂತರ ಪಿಎಂಡಿ ಎಂಬ ಕೋಡ್ ತಪಾಸಣೆಯ ಸಾಧನದ ಜೊತೆಗೆ ಬರುವ ಸಿಪಿಡಿ. ಇಲ್ಲಿ ಕನಿಷ್ಠ ಟೋಕನ್ ಎಷ್ಟು ಎಂಬುದನ್ನು ನಾವೇ ಹೇಳಬೇಕು. 100 ಎಂದು ಕೊಟ್ಟೆ, ಸುಳಿವಿಲ್ಲ. ಜಾವಾಕ್ಕೆ ಇದರಲ್ಲಿ ಹೆಸರುಗಳನ್ನು ಕಡೆಗಣಿಸುವ ಆಯ್ಕೆ ಇದೆ. ಅದನ್ನು ಹಾಕಿದರೆ ವೇರಿಯಬಲ್‌ನ ಹೆಸರು ಏನಾದರೂ ಇರಲಿ, ಎಲ್ಲವೂ ಒಂದೇ ಎಂದು ಲೆಕ್ಕ. ಅದನ್ನೂ ಹಾಕಿದೆ. ಆಗಲೂ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ಹೋಲಿಕೆಯ ಗುಟ್ಟು ಇಲ್ಲಿದೆ. ಇವೆರಡೂ ಸಾಧನಗಳ ಒಳಗೆ ಓಡುವುದು 1987ರಲ್ಲಿ ರಿಚರ್ಡ್ ಕಾರ್ಪ್ ಮತ್ತು ಮೈಕೆಲ್ ರೇಬಿನ್ ಪ್ರಕಟಿಸಿದ ಹುಡುಕಾಟದ ವಿಧಾನ. ಕೋಡನ್ನು ಟೋಕನ್‌ಗಳ ಉದ್ದನೆಯ ಸರವೆಂದು ಭಾವಿಸಿ. ಅದರ ಮೇಲೆ 100 ಟೋಕನ್ ಅಗಲದ ಒಂದು ಕಿಟಕಿಯನ್ನು ಇಟ್ಟು, ಕಂಡಷ್ಟರಿಂದ ಲೆಕ್ಕ ಹಾಕಿದ ಒಂದು ಗುರುತು ಸಂಖ್ಯೆ (ಹ್ಯಾಶ್) ಬರೆದುಕೊಂಡು, ಕಿಟಕಿಯನ್ನು ಒಂದು ಟೋಕನ್ ಮುಂದಕ್ಕೆ ಸರಿಸಬೇಕು. ಎರಡು ಕಡೆ ಒಂದೇ ಸಂಖ್ಯೆ ಬಂದರೆ ಅಲ್ಲಿ ನಕಲು ಇರಬಹುದು. ಹಿಂದಿನ ಸಂಖ್ಯೆಯಿಂದಲೇ ಮುಂದಿನದನ್ನು ಸುಲಭವಾಗಿ ಪಡೆಯಬಹುದಾದ್ದರಿಂದ ಇದು ಬಹಳ ವೇಗ. ಆದರೆ ಕಿಟಕಿಯೊಳಗೆ ಒಂದೇ ಒಂದು ಟೋಕನ್ ಬೇರೆಯಾದರೂ ಸಂಖ್ಯೆ ಬೇರೆ. ನನ್ನ ಫಂಕ್ಷನ್ನಿನಲ್ಲಿ ಇದ್ದದ್ದು ಸುಮಾರು 150 ಟೋಕನ್. ನಡುವೆ ನಾನು ತಪಾಸಣೆ ಸೇರಿಸಿದ್ದರಿಂದ ಅದು ಅತ್ತ ಎಪ್ಪತ್ತು, ಇತ್ತ ಎಂಬತ್ತು ಎಂದು ಎರಡು ಹೋಳಾಗಿತ್ತು. ಎರಡೂ ನೂರಕ್ಕಿಂತ ಕಡಿಮೆ. ಜೆಎಸ್‌ಸಿಪಿಡಿಯ ಮಿತಿ 50 ಆದರೂ, ಬದಲಾದ ಹೆಸರುಗಳು ಅಲ್ಲಿ ಹೋಳುಗಳನ್ನು ಇನ್ನಷ್ಟು ಚೂರು ಮಾಡಿದ್ದವು.

ಅಂದರೆ ಒಂದು ನಕಲನ್ನು ತಿದ್ದಿದ ಆ ಕ್ಷಣಕ್ಕೇ ಜೋಡಿ ಸಾಧನದ ಕಣ್ಣಿಂದ ಮರೆಯಾಯಿತು! ಯಾರೂ ಮುಟ್ಟದ, ಯಾರಿಗೂ ತೊಂದರೆ ಕೊಡದ ನಕಲುಗಳನ್ನು ಅದು ನಿಷ್ಠೆಯಿಂದ ಪಟ್ಟಿ ಮಾಡುತ್ತದೆ. ಒಂದನ್ನು ತಿದ್ದಿ ಇನ್ನೊಂದನ್ನು ಮರೆತ ಜೋಡಿಯನ್ನು ಬಿಟ್ಟುಬಿಡುತ್ತದೆ.

ಮಿತಿಯನ್ನು 60ಕ್ಕೆ ಇಳಿಸಿ, ಹೆಸರುಗಳನ್ನು ಕಡೆಗಣಿಸಿ ಮತ್ತೆ ಓಡಿಸಿದೆ. ಈ ಸಲ ಎರಡೂ ಹೋಳುಗಳು ಬಂದವು, ಆದರೆ ಗುಂಪಿನಲ್ಲಿ ಗೋವಿಂದ ಎಂಬಂತೆ. ಸಾಲಾಗಿ ಹತ್ತು ಸೆಟರ್ (ಒಂದೊಂದು ಮೌಲ್ಯ ತುಂಬುವ ಪುಟ್ಟ ಫಂಕ್ಷನ್) ಕರೆಯುವ ಪ್ರತಿಯೊಂದು ಕಡೆಯೂ ಹೆಸರು ತೆಗೆದರೆ ಒಂದೇ ರೀತಿ ಕಾಣುತ್ತದೆ. ಉತ್ತರ ಗೊತ್ತಿದ್ದುದರಿಂದ ನಾನು ಹುಡುಕಿ ತೆಗೆದೆ. ಗೊತ್ತಿಲ್ಲದವರು ಆ ವರದಿಯ ಮೂರನೆಯ ಪುಟದಲ್ಲೇ ಸುಸ್ತಾಗುತ್ತಾರೆ.

ಕೊನೆಗೆ ಕೈಹಿಡಿದದ್ದು ಒಂದು ಸಣ್ಣ ಉಪಾಯ. ನನ್ನ ತಿದ್ದುಪಡಿಗೆ ಒಂದು ಕಮಿಟ್ ಹಿಂದೆ ಹೋಗಿ, ಅಲ್ಲಿ ಸಿಪಿಡಿ ಓಡಿಸಿದೆ. ಮಿತಿ 100, ಹೆಸರುಗಳ ಕಡೆಗಣನೆ. ಜೋಡಿ ಇಡಿಯಾಗಿ, 150 ಟೋಕನ್ನಿನ ಒಂದೇ ತುಣುಕಾಗಿ ಎದ್ದು ಬಂತು. ಅಂದಿನಿಂದ ಯಾವ ದೋಷ ಸರಿಪಡಿಸಿದರೂ, ಸರಿಪಡಿಸುವ ಮುಂಚಿನ ಸ್ಥಿತಿಯಲ್ಲಿ ಒಮ್ಮೆ ಸಿಪಿಡಿ ಓಡಿಸಿ, ನಾನು ಮುಟ್ಟಲಿರುವ ಕಡತದ ಹೆಸರು ವರದಿಯಲ್ಲಿ ಇದೆಯೇ ಎಂದು ನೋಡುತ್ತೇನೆ. ಎರಡು ನಿಮಿಷದ ಕೆಲಸ.

ಕೋಡಿನ ಗುಣಮಟ್ಟ ಅಳೆಯುವ ಸೋನಾರ್‌ಕ್ಯೂಬ್ ನಮ್ಮಲ್ಲಿ ಮೊದಲೇ ಇತ್ತು. ಜಾವಾದಲ್ಲಿ ಅದು ಟೋಕನ್ ಎಣಿಸುವುದಿಲ್ಲ. ಒಂದರ ಹಿಂದೊಂದು 10 ಸ್ಟೇಟ್‌ಮೆಂಟ್‌ಗಳು (ಕೋಡಿನ ಪೂರ್ಣ ವಾಕ್ಯಗಳು) ಒಂದೇ ಆಗಿದ್ದರೆ ನಕಲು ಎನ್ನುತ್ತದೆ. ನಡುವೆ ಸೀಳಿದ ನನ್ನ ಫಂಕ್ಷನ್ ಇಲ್ಲಿಯೂ ತಪ್ಪಿಸಿಕೊಂಡಿತು. ಅದರ ನಿಜವಾದ ಬಲ ಬೇರೆ ಕಡೆ ಇದೆ. ಅದರೊಂದಿಗೆ ಬರುವ ಸಿದ್ಧ ನಿಯಮದಂತೆ, ಹೊಸದಾಗಿ ಬರೆದ ಕೋಡಿನಲ್ಲಿ ನಕಲು ಶೇಕಡಾ 3ನ್ನು ಮೀರಬಾರದು. ಹಳೆಯ ರಾಶಿಯ ತಂಟೆಗೆ ಹೋಗದೆ, ಇವತ್ತು ಬರೆದದ್ದನ್ನು ಮಾತ್ರ ಅಳೆಯುವುದು ಜಾಣತನ. ಆದರೆ ಶೇಕಡಾ ಎಂಬುದು ಮನುಷ್ಯನಿಂದ ಏನು ಮಾಡಿಸುತ್ತದೆ ಎಂಬುದೂ ಗೊತ್ತಿರಲಿ: ಒಮ್ಮೆ ಬಿಡುಗಡೆಯ ಹಿಂದಿನ ಸಂಜೆ ಕೆಂಪು ಬಣ್ಣ ಬಂದಾಗ ಆ ಕಡತವನ್ನು ಲೆಕ್ಕಕ್ಕೆ ಸೇರದವುಗಳ ಪಟ್ಟಿಗೆ ಹಾಕಿ ಹಸಿರು ಮಾಡಿದ್ದೂ ನಾನೇ.

ಪೈಥಾನ್ ಕೋಡನ್ನು ತಪಾಸಿಸುವ ಪೈಲಿಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಪೈಥಾನ್ ಸ್ಕ್ರಿಪ್ಟ್‌ಗಳಿಗೆ ಅದರ ನಕಲು ತಪಾಸಣೆ ಸಾಕು. ಮೊದಲಿನ ಮಿತಿ 4 ಸಾಲು ಬಹಳ ಬಿಗಿ, ಎಂಟಕ್ಕೆ ಏರಿಸಿದ ಮೇಲೆ ವರದಿ ಓದುವಂತಾಯಿತು.

ಜೋಡಿಯನ್ನು ನೇರವಾಗಿ ಹಿಡಿದದ್ದು ನೈಕ್ಯಾಡ್ ಒಂದೇ. ಚಂಚಲ್ ರಾಯ್ ಮತ್ತು ಜೇಮ್ಸ್ ಕಾರ್ಡಿ 2008ರಲ್ಲಿ ಮುಂದಿಟ್ಟ ಸಂಶೋಧನೆಯಿಂದ ಬೆಳೆದ ಸಾಧನ ಇದು. ಸಂಶೋಧಕರು ನಕಲುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಯಥಾವತ್ ನಕಲು ಮೊದಲನೆಯದು, ಹೆಸರು ಬದಲಿಸಿದ್ದು ಎರಡನೆಯದು, ಸಾಲು ಸೇರಿಸಿದ್ದು ಅಥವಾ ಕಳೆದದ್ದು ಮೂರನೆಯದು, ಬರವಣಿಗೆ ಬೇರೆ ಆದರೂ ಕೆಲಸ ಒಂದೇ ಆಗಿರುವುದು ನಾಲ್ಕನೆಯದು. ನೈಕ್ಯಾಡ್ ಮೂರನೆಯ ಬಗೆಗೆಂದೇ ಹುಟ್ಟಿದ್ದು. ಅದು ಪ್ರತಿ ಫಂಕ್ಷನ್ನನ್ನು ಬಿಡಿಯಾಗಿ ತೆಗೆದು, ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಮತ್ತೆ ಬರೆದುಕೊಂಡು, ಸಾಲುಗಳನ್ನು ಹೋಲಿಸಿ ಎಷ್ಟು ಪಾಲು ಬೇರೆ ಎಂದು ನೋಡುತ್ತದೆ. ಶೇಕಡಾ 30ರವರೆಗೆ ವ್ಯತ್ಯಾಸ ಇರಲಿ ಎಂದು ಬಿಟ್ಟಿದ್ದೆ. ಇಪ್ಪತ್ಮೂರು ಸಾಲಿನಲ್ಲಿ ಮೂರು ಸಾಲು ಬೇರೆ ಎಂದರೆ ಸುಮಾರು ಹದಿಮೂರು. ಎರಡೂ ಫಂಕ್ಷನ್‌ಗಳು ಅಕ್ಕಪಕ್ಕದಲ್ಲಿ ಬಂದು ಕುಳಿತವು.

ಹಾಗಾದರೆ ಎಲ್ಲರೂ ನೈಕ್ಯಾಡ್ ಬಳಸಬೇಕೇ? ಪ್ರತಿದಿನದ ಬಿಲ್ಡ್‌ನಲ್ಲಿ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಹಂತದಲ್ಲಿ) ಬೇಡ ಎನ್ನುತ್ತೇನೆ. ಅದಕ್ಕೆ ಮೊದಲು ಟಿಎಕ್ಸ್‌ಎಲ್ ಎಂಬ ಇನ್ನೊಂದು ವ್ಯವಸ್ಥೆ ಬೇಕು, ಅನುಸ್ಥಾಪನೆಗೆ ನನಗೆ ಅರ್ಧ ದಿನ ಹಿಡಿಯಿತು, ಬೆಂಬಲಿಸುವ ಭಾಷೆಗಳೂ ಕಡಿಮೆ. ಹಳೆಯ, ದೊಡ್ಡ ಜಾವಾ ರಾಶಿಯನ್ನು ಮೂರು ತಿಂಗಳಿಗೊಮ್ಮೆ ಕೂಲಂಕಷವಾಗಿ ನೋಡುವುದಕ್ಕೆ ಮಾತ್ರ ಇದರ ಸಮ ಬೇರೆ ಕಾಣಲಿಲ್ಲ.

ಇಷ್ಟೆಲ್ಲ ಮಾಡಿ ಮುಗಿಯಿತೆಂದುಕೊಂಡಾಗ ಮೂರನೆಯ ನಕಲು ಸಿಕ್ಕಿತು. ಅದನ್ನು ಹಿಡಿದದ್ದು ಈ ಯಾವ ಸಾಧನವೂ ಅಲ್ಲ, ಕಡತಗಳಲ್ಲಿ ಪದ ಹುಡುಕುವ ಸರಳ ಆದೇಶ ಗ್ರೆಪ್. ನನ್ನ ಮೂಲ ಫಂಕ್ಷನ್ನಿನ ದೋಷ ಸಂದೇಶದಲ್ಲಿ ಒಂದು ಕಾಗುಣಿತ ತಪ್ಪಿತ್ತು: ರಿಸೀವ್ಡ್ ಎಂಬ ಇಂಗ್ಲಿಷ್ ಪದದಲ್ಲಿ ಇ ಮತ್ತು ಐ ಅಕ್ಷರಗಳು ಅದಲುಬದಲಾಗಿದ್ದವು. ಸುಮ್ಮನೆ ಆ ತಪ್ಪು ಪದವನ್ನು ಇಡೀ ರಿಪಾಸಿಟರಿಯಲ್ಲಿ (ಕೋಡಿನ ಭಂಡಾರದಲ್ಲಿ) ಹುಡುಕಿದೆ. ಮೂರು ಕಡೆ ಸಿಕ್ಕಿತು. ಮೂರನೆಯದು ರಾತ್ರಿ ಓಡುವ ಒಂದು ಪೈಥಾನ್ ವರದಿ ಸ್ಕ್ರಿಪ್ಟ್. ಜಾವಾ ಫಂಕ್ಷನ್ನನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಪೈಥಾನ್‌ಗೆ ಇಳಿಸಿದ್ದರು, ಸಂದೇಶವನ್ನು ಮಾತ್ರ ಇದ್ದಂತೆಯೇ ಎತ್ತಿಕೊಂಡಿದ್ದರು. ಅಲ್ಲಿ ಆ ದೋಷ ಪ್ರತಿ ರಾತ್ರಿ ನಡೆಯುತ್ತಿತ್ತು. ಸುತ್ತಲೂ ಹಾಕಿದ್ದ, ದೋಷವನ್ನು ತಡೆಹಿಡಿಯುವ ಟ್ರೈ-ಎಕ್ಸೆಪ್ಟ್ ಅದನ್ನು ನುಂಗಿಕೊಂಡು ಆ ದಾಖಲೆಗಳನ್ನು ವರದಿಯಿಂದ ಬಿಟ್ಟುಬಿಡುತ್ತಿತ್ತು. ನಾನು ಓಡಿಸಿದ ಸಾಧನಗಳೆಲ್ಲ ಒಂದು ಭಾಷೆಯ ಕೋಡನ್ನು ಅದೇ ಭಾಷೆಯ ಕೋಡಿನೊಂದಿಗೆ ಹೋಲಿಸುವಂಥವು. ಹೀಗೆ ಭಾಷೆಯ ಗಡಿ ದಾಟಿದ ನಕಲು ಅವುಗಳ ಲೆಕ್ಕಕ್ಕೇ ಬರುವುದಿಲ್ಲ. ಕಾಗುಣಿತ ತಪ್ಪು, ವಿಚಿತ್ರ ಸಂಖ್ಯೆ, ಯಾರೋ ಬರೆದ ತಮಾಷೆಯ ಟಿಪ್ಪಣಿ ಇವೆಲ್ಲ ಬೆರಳಚ್ಚುಗಳಿದ್ದಂತೆ, ಕೋಡ್ ಎಲ್ಲಿಗೆ ಹೋದರೂ ಜೊತೆಗೆ ಹೋಗುತ್ತವೆ.

ಯಾವುದು ಮೂಲ, ಯಾವುದು ನಕಲು ಎಂದು ತಿಳಿಯಲು, ಪ್ರತಿ ಸಾಲನ್ನು ಯಾರು ಯಾವಾಗ ಬರೆದರು ಎಂದು ತೋರಿಸುವ ಗಿಟ್ ಬ್ಲೇಮ್ ಆದೇಶ ನೆರವಾಯಿತು. ಅದಕ್ಕೆ ದೊಡ್ಡಕ್ಷರದ ಸಿ ಆಯ್ಕೆಯನ್ನು ಮೂರು ಸಲ ಕೊಟ್ಟರೆ, ಒಂದು ಸಾಲು ಬೇರೆ ಯಾವ ಕಡತದಿಂದ ಬಂದದ್ದು ಎಂದು ಯಾವುದೇ ಕಮಿಟ್‌ನಲ್ಲಿ ಹುಡುಕುತ್ತದೆ. ದೊಡ್ಡ ರಿಪಾಸಿಟರಿಯಲ್ಲಿ ನಿಧಾನ, ಆದರೆ ಕಾಯುವುದಕ್ಕೆ ಅಡ್ಡಿಯಿಲ್ಲ.

ಇನ್ನು ನಕಲುಗಳನ್ನು ಕಡಿಮೆ ಮಾಡುವ ಮಾತು. ಇಲ್ಲಿಯೂ ದಾರಿಗಳು ಹಲವು, ನಾನು ಮೊದಲು ಹಿಡಿದದ್ದು ತಪ್ಪು ದಾರಿ. ಎರಡೂ ಜಾವಾ ನಕಲುಗಳನ್ನು ಒಂದೇ ಫಂಕ್ಷನ್ ಮಾಡಿ, ವ್ಯತ್ಯಾಸಕ್ಕೆ ಒಂದು ಬೂಲಿಯನ್ ಪ್ಯಾರಾಮೀಟರ್, ಅಂದರೆ ಕರೆಯುವಾಗ ಹೌದು ಅಥವಾ ಅಲ್ಲ ಎಂದು ಕೊಡುವ ಮೌಲ್ಯ, ಸೇರಿಸಿದೆ. ಸಾಲುಗಳು ಕಡಿಮೆಯಾದವು, ಖುಷಿಯೂ ಆಯಿತು. ಆಮೇಲೆ ಇನ್ನೊಂದು ಪರದೆಗೆ ಇನ್ನೊಂದು ಬೂಲಿಯನ್, ಅದರ ಮೇಲೆ ಮತ್ತೊಂದು. ಕರೆಯುವ ಜಾಗದಲ್ಲಿ ಟ್ರೂ, ಫಾಲ್ಸ್, ಟ್ರೂ ಎಂದು ಸಾಲಾಗಿ ನಿಂತಾಗ, ಯಾವುದು ಏನೆಂದು ಬರೆದ ನನಗೇ ಗೊತ್ತಾಗಲಿಲ್ಲ. ನಕಲು ಇದ್ದಾಗ ಓದಲಾದರೂ ಬರುತ್ತಿತ್ತು.

ಎಲ್ಲವನ್ನೂ ಬಿಚ್ಚಿ ಮತ್ತೆ ಎರಡು ನಕಲು ಮಾಡಿದೆ. ಈ ಸಲ ಸೇರಿಸುವ ಮುಂಚೆ ಒಂದು ಟೆಸ್ಟ್ ಬರೆದು, ಒಂದೇ ಮಾಹಿತಿಯನ್ನು ಎರಡೂ ಫಂಕ್ಷನ್‌ಗಳಿಗೆ ಕೊಟ್ಟು ಉತ್ತರಗಳನ್ನು ಹೋಲಿಸಿದೆ: ತಿಂಗಳ ಕೊನೆ, ಫೆಬ್ರವರಿ 29, ಗಡುವು ದಾಟಿದ ದಿನ, ಖಾಲಿ ದಿನಾಂಕ. ಒಂದು ಗಡುವಿನ ದಿನವನ್ನೂ ಎಣಿಸುತ್ತಿತ್ತು, ಇನ್ನೊಂದು ಎಣಿಸುತ್ತಿರಲಿಲ್ಲ. ದೋಷವಿರಬೇಕೆಂದು ವಿಚಾರಿಸಿದರೆ, ನೆನಪೋಲೆ ಕಳಿಸುವ ಪರದೆಯಲ್ಲಿ ಅದು ಬೇಕೆಂದೇ ಇಟ್ಟದ್ದು. ಹಾಗಾಗಿ ಸಾಮಾನ್ಯ ಫಂಕ್ಷನ್ ಕೊನೆಯ ದಿನವನ್ನು ಬಿಟ್ಟೇ ಎಣಿಸುತ್ತದೆ. ಬೇಕಾದ ಕಡೆ ಕರೆದವರು ಒಂದು ಕೂಡಿಸಿಕೊಳ್ಳುತ್ತಾರೆ. ಬೂಲಿಯನ್ ಬೇಕಾಗಲೇ ಇಲ್ಲ.

ಸಾಮಾನ್ಯ ಭಾಗವನ್ನು ತಾಯಿ ಕ್ಲಾಸಿಗೆ (ಅದರಿಂದ ಕೋಡ್ ಪಡೆಯುವ ಕ್ಲಾಸುಗಳು ಅದರ ಮಕ್ಕಳು) ಏರಿಸುವ ದಾರಿಯನ್ನೂ ಬೇರೊಂದು ಕಡೆ ಪ್ರಯತ್ನಿಸಿದ್ದೆ. ಮಗುವಿನಲ್ಲೊಂದು ಸಾಲು ಓದಲು ತಾಯಿಯ ಕಡತ, ಅಲ್ಲಿಂದ ಮತ್ತೆ ಮಗುವಿನ ಕಡತ. ನನಗೆ ಒಗ್ಗಲಿಲ್ಲ.

ಪೈಥಾನ್ ನಕಲನ್ನು ಜಾವಾದೊಂದಿಗೆ ಸೇರಿಸುವಂತಿಲ್ಲ. ಅದಕ್ಕಾಗಿ ಎರಡೂ ಭಾಷೆಗಳು ಓದಬಲ್ಲ ಒಂದು ಜೇಸನ್ ಮಾಹಿತಿ ಕಡತ ಮಾಡಿದೆ. ಅದರಲ್ಲಿ ದಿನಾಂಕಗಳೂ ಸರಿಯುತ್ತರಗಳೂ ಇವೆ. ಜಾವಾ ಟೆಸ್ಟ್‌ಗಳೂ ಪೈಥಾನ್ ಟೆಸ್ಟ್‌ಗಳೂ ಅದನ್ನೇ ಓದುತ್ತವೆ. ಕೋಡ್ ಎರಡು ಕಡೆ ಇದ್ದರೂ ನಿಯಮ ಒಂದೇ ಕಡೆ ಇದೆ, ಒಂದು ದಾರಿ ತಪ್ಪಿದರೆ ಬಿಲ್ಡ್ ಕೂಗಿಕೊಳ್ಳುತ್ತದೆ.

ಕೆಲವನ್ನು ಹಾಗೆಯೇ ಬಿಟ್ಟಿದ್ದೇನೆ. ನೋಂದಣಿ ಅರ್ಜಿಯ ತಪಾಸಣೆ ಮತ್ತು ಆಡಳಿತ ಪರದೆಯ ತಪಾಸಣೆ ಇವತ್ತು ಅವಳಿಗಳಂತಿವೆ, ಆದರೆ ಒಂದು ಬದಲಾದರೆ ಇನ್ನೊಂದು ಬದಲಾಗಬೇಕೆಂದೇನಿಲ್ಲ. ಅವುಗಳ ಸುತ್ತ, ನಡುವಿನದನ್ನು ನೋಡಬೇಡ ಎಂದು ಸಿಪಿಡಿಗೆ ಹೇಳುವ ಸಿಪಿಡಿ-ಆಫ್, ಸಿಪಿಡಿ-ಆನ್ ಎಂಬ ಟಿಪ್ಪಣಿ ಹಾಕಿ, ಯಾಕೆ ಎಂದು ಒಂದು ಸಾಲು ಬರೆದಿದ್ದೇನೆ.

ಈಗ ಬಿಲ್ಡ್‌ನಲ್ಲಿ ಸಿಪಿಡಿ ಓಡುತ್ತದೆ, ಮುಂಭಾಗದ ಕೋಡಿಗೆ ಜೆಎಸ್‌ಸಿಪಿಡಿ, ಮೂರು ತಿಂಗಳಿಗೊಮ್ಮೆ ನೈಕ್ಯಾಡ್. ದೋಷ ಸಂದೇಶದ ಆ ಕಾಗುಣಿತವನ್ನು ಮಾತ್ರ ಇನ್ನೂ ತಿದ್ದಿಲ್ಲ. ಪಕ್ಕದ ರಿಪಾಸಿಟರಿಗಳಲ್ಲಿ ಹುಡುಕುವುದು ಬಾಕಿ ಇದೆ.