ಕೂಸಿದ್ದಾಗ ಹೃದಯದ ಆಪರೇಷನ್ ಆಗಿದ್ದರೆ, ದೊಡ್ಡವರಾದ ಮೇಲೂ ಇಲ್ಲಿ ಒಮ್ಮೆ ತೋರಿಸಿ

ಹುಟ್ಟು ಹೃದ್ರೋಗಕ್ಕೆ ಚಿಕ್ಕಂದಿನಲ್ಲಿ ಆಪರೇಷನ್ ಆದವರನ್ನು ದೊಡ್ಡವರಾದ ಮೇಲೆ ನೋಡಲೆಂದೇ ಬೆಂಗಳೂರಿನ ಈ ಆಸ್ಪತ್ರೆಯಲ್ಲಿ ಪ್ರತ್ಯೇಕ ಕ್ಲಿನಿಕ್ ಇದೆ. ನಾನು ಹಾಸನದವಳು, 23 ವರ್ಷ, ಬಿ.ಎಡ್. ವಿದ್ಯಾರ್ಥಿನಿ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಎಡ ಕೊರೊನರಿ ರಕ್ತನಾಳದ ಬಾಯಿ ಕಿರಿದಾಗಿದ್ದಕ್ಕೆ ಇಲ್ಲಿ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡಿದ್ದೇನೆ.

ನಾನು ಹುಟ್ಟಿದಾಗ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವು. ಎರಡನೇ ವಾರದಲ್ಲೇ ಅವನ್ನು ಸರಿಯಾದ ಜಾಗಕ್ಕೆ ಬದಲಿಸುವ ಆರ್ಟೀರಿಯಲ್ ಸ್ವಿಚ್ ಮಾಡಿದರು. ಬ್ರೆಜಿಲ್‌ನ ಡಾ. ಅಡಿಬ್ ಜಟೆನೆ 1975ರಲ್ಲಿ ಮೊದಲ ಬಾರಿ ಯಶಸ್ವಿಯಾಗಿ ಮಾಡಿದ ಆಪರೇಷನ್ ಅದು. ದೊಡ್ಡ ನಾಳಗಳ ಜೊತೆಗೆ, ಕೊರೊನರಿಗಳನ್ನೂ ಬುಡಸಮೇತ ಬಿಡಿಸಿ ಹೊಸ ಜಾಗಕ್ಕೆ ಹೊಲಿಯಬೇಕು. ಹಸುಗೂಸಿನಲ್ಲಿ ಅವು ಒಂದೆರಡು ಮಿಲಿಮೀಟರ್ ಅಗಲ ಅಷ್ಟೇ. ಬೆಳೆಯುತ್ತಾ ಹೋದ ಹಾಗೆ ಕೆಲವರಲ್ಲಿ ಆ ಜಾಗ ಎಳೆದುಕೊಂಡೋ, ಒಳಪದರ ದಪ್ಪವಾಗಿಯೋ ಕಿರಿದಾಗುತ್ತದೆ.

ನನಗೆ ಎದೆನೋವು ಯಾವತ್ತೂ ಬಂದಿರಲಿಲ್ಲ. ಆ ಆಪರೇಷನ್‌ನಲ್ಲಿ ಹೃದಯದ ನರಗಳೂ ಕತ್ತರಿಸಿಹೋಗುವುದರಿಂದ ನೋವು ಗೊತ್ತಾಗದೆಯೇ ಇರಬಹುದಂತೆ. ಮಲಗಿಸಿ ಮಾಡುವ ಎಕೋ (ಹೃದಯದ ಅಲ್ಟ್ರಾಸೌಂಡ್) ಕೂಡ ಚೆನ್ನಾಗಿಯೇ ಬರುತ್ತಿತ್ತು. ಬೇರೊಂದು ಕಡೆ ಅದನ್ನೇ ನೋಡಿ “ಇನ್ನು ಬರಬೇಕಾಗಿಲ್ಲ” ಎಂದೂ ಹೇಳಿದ್ದರು. ಇಲ್ಲಿನವರು ಅಷ್ಟಕ್ಕೆ ಬಿಡಲಿಲ್ಲ. ಟ್ರೆಡ್‌ಮಿಲ್ ಮೇಲೆ ಓಡಿಸಿದರು, ಇಸಿಜಿಯಲ್ಲಿ ವ್ಯತ್ಯಾಸ ಕಂಡಿತು, ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋದಲ್ಲಿ ಕಾರಣ ಸಿಕ್ಕಿತು. ಈ ಕ್ಲಿನಿಕ್ ಬಗ್ಗೆ ನನಗಿರುವ ಗೌರವಕ್ಕೆ ಇದೊಂದೇ ಸಾಕು.

ಆಮೇಲೆ ಮಾತಾಡಿದ ರೀತಿ. ಅಮ್ಮ ಪಕ್ಕದಲ್ಲೇ ಕೂತಿದ್ದರೂ ಡಾಕ್ಟರು ಎಲ್ಲವನ್ನೂ ನನಗೇ ಹೇಳಿದರು. “ಮುಂದೆ ಮದುವೆ, ಮಕ್ಕಳು ಅಂತ ಯೋಚನೆ ಇದೆಯೇನಮ್ಮಾ? ಬಸುರಿನಲ್ಲಿ ಹೃದಯಕ್ಕೆ ಕೆಲಸ ಜಾಸ್ತಿ. ಇದನ್ನು ಮೊದಲೇ ಸರಿಮಾಡಿಕೊಳ್ಳೋಣ” ಎಂದರು. ಮನೆಯಲ್ಲಿ ಎಲ್ಲರೂ ಬಾಯಿಗೆ ತರಲು ಹೆದರುತ್ತಿದ್ದ ಮಾತು ಅದು. ದಾರಿ ಮೂರು: ಬೈಪಾಸ್ (ಕಿರಿದಾದ ಜಾಗವನ್ನು ದಾಟಿ ರಕ್ತ ಹರಿಯಲು ಬೇರೆ ನಾಳ ಜೋಡಿಸುವುದು), ನಾಳದ ಬಾಯಿಗೆ ತೇಪೆ ಹಾಕಿ ಅಗಲ ಮಾಡುವುದು, ಸ್ಟೆಂಟ್. ಮೊದಲ ಎರಡಕ್ಕೆ ಎದೆ ತೆರೆಯಬೇಕು. ಒಮ್ಮೆ ತೆರೆದ ಎದೆಯೊಳಗೆ ಎಲ್ಲ ಅಂಟಿಕೊಂಡಿರುತ್ತದೆ, ಮತ್ತೆ ತೆರೆಯುವುದು ಸುಲಭವಲ್ಲ. ಚಿಕ್ಕ ಮಕ್ಕಳಾದರೆ ಸ್ಟೆಂಟ್ ಅವರ ಜೊತೆ ಬೆಳೆಯುವುದಿಲ್ಲವೆಂದು ಹಿಂಜರಿಯುತ್ತಾರೆ. ನನ್ನ ಬೆಳವಣಿಗೆ ಮುಗಿದಿದೆ. ಸ್ಟೆಂಟ್ ಮತ್ತೆ ಕಟ್ಟಿಕೊಂಡರೆ ಬೈಪಾಸ್ ಇದ್ದೇ ಇದೆ. ಇಷ್ಟನ್ನೂ ಕಾಗದದ ಮೇಲೆ ಬರೆದು ತೋರಿಸಿ, ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದು ಕಳಿಸಿದರು.

ಸ್ಟೆಂಟ್ ಹಾಕುವ ಕೋಣೆಯಾದ ಕ್ಯಾಥ್ ಲ್ಯಾಬ್‌ನಲ್ಲಿ ಮಕ್ಕಳ ಹೃದ್ರೋಗ ತಜ್ಞರೂ ದೊಡ್ಡವರಿಗೆ ಸ್ಟೆಂಟ್ ಹಾಕುವ ತಜ್ಞರೂ ಒಟ್ಟಿಗೆ ನಿಂತಿದ್ದರು. ಸ್ವಿಚ್ ಆದವರಲ್ಲಿ ಕೊರೊನರಿಯ ಬಾಯಿ ಎಲ್ಲರಿಗಿರುವ ಕಡೆ ಇರುವುದಿಲ್ಲ, ಕ್ಯಾತಿಟರ್ (ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ) ಕೂರಿಸುವುದೇ ಕಷ್ಟ. ಹಾಗಾಗಿ ನನ್ನ ಸಿಟಿ ಚಿತ್ರಗಳನ್ನು ಎದುರಿಗಿಟ್ಟುಕೊಂಡೇ ಶುರುಮಾಡಿದರು. ನಾಳದೊಳಗೆ ಸಣ್ಣ ಅಲ್ಟ್ರಾಸೌಂಡ್ ಕಳಿಸಿ ಅಳತೆ ತೆಗೆದರು, ಸ್ಟೆಂಟ್ ಹಾಕಿದ ಮೇಲೆ ಮತ್ತೆ ಅದೇ ರೀತಿ ನೋಡಿದರು. ನನಗೆ ಎಚ್ಚರವಿತ್ತು, ಒಬ್ಬ ಸಿಸ್ಟರ್ ಪೂರ್ತಿ ಹೊತ್ತು ತಲೆಯ ಹತ್ತಿರವೇ ನಿಂತು ಮಾತಾಡಿಸುತ್ತಿದ್ದರು.

ಬಿಲ್ಲಿನಲ್ಲಿ ಸ್ಟೆಂಟಿನ ಕಂಪನಿ, ಬ್ಯಾಚ್ ನಂಬರ್, ಬೆಲೆ ಎಲ್ಲ ಬೇರೆಯಾಗಿ ಬರೆದಿತ್ತು. 2017ರಿಂದ ಸ್ಟೆಂಟಿಗೆ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿದೆ, ಕೇಳಿ ನೋಡಿ.

ಕೊರತೆಯೂ ಇದೆ. ಓಪಿಡಿಯಲ್ಲಿ ಕಾಯುವುದು ವಿಪರೀತ, ಕೂರಲು ಜಾಗ ಸಾಲದು. ಡಿಸ್ಚಾರ್ಜ್ ಸಾರಾಂಶ ಇಂಗ್ಲಿಷಿನಲ್ಲಿ ಮಾತ್ರ. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎರಡನ್ನೂ ಡಾಕ್ಟರು ಹೇಳದೆ ನಿಲ್ಲಿಸಬಾರದು ಎಂಬಂಥ ಪ್ರಾಣದ ವಿಷಯ ಕನ್ನಡದಲ್ಲಿ ಅಚ್ಚಾಗಿ ಬರಬೇಕು. ನನಗೆ ಸಿಸ್ಟರ್ ಕೈಯಲ್ಲಿ ಬರೆದುಕೊಟ್ಟರು, ಎಲ್ಲರಿಗೂ ಹಾಗೆ ಸಿಗುತ್ತದೆಯೇ?

ಹೋಗುವವರು ಮೊದಲ ಆಪರೇಷನ್‌ನ ವಿವರವಿರುವ ಹಾಳೆ ಹುಡುಕಿ ತೆಗೆದುಕೊಂಡು ಹೋಗಿ. ಕೊರೊನರಿಗಳು ಹೇಗಿದ್ದವು, ಎಲ್ಲಿಗೆ ಹೊಲಿದರು ಎಂಬುದು ಅದರಲ್ಲಿರುತ್ತದೆ. ಇಲ್ಲಿ ಮೊದಲು ಕೇಳುವುದೇ ಅದನ್ನು. ಟ್ರೆಡ್‌ಮಿಲ್‌ಗೆ ಶೂ ಹಾಕಿಕೊಂಡು ಹೋಗಿ.