ಮೊದಲು ಬೊರೊಡಿನೊವೋ, ಸ್ಟಾಲಿನ್‌ಗ್ರಾಡೋ?

ರಷ್ಯಾದ ಯುದ್ಧ ಇತಿಹಾಸವನ್ನು ಎಲ್ಲಿಂದ ಓದಲು ಶುರುಮಾಡಬೇಕು ಎನ್ನುವವರ ಮುಂದೆ ನಾನು ಇಡುವುದು ಈ ಎರಡು ಕದನಗಳನ್ನು.

ಬೊರೊಡಿನೊ ಒಂದೇ ದಿನದ ಮುಖ್ಯ ಕಾಳಗ: 1812ರ ಸೆಪ್ಟೆಂಬರ್ 7. ನಕಾಶೆ ಮುಂದಿಟ್ಟುಕೊಂಡು ಕುಳಿತರೆ ಒಂದು ಸಂಜೆಗೆ ಅರ್ಥವಾಗುತ್ತದೆ. ಮಾಸ್ಕೋದ ದಾರಿಯಲ್ಲಿ ನೆಪೋಲಿಯನ್‌ಗೆ ಅಡ್ಡ ನಿಂತ ರಷ್ಯನ್ ಸೇನಾಪತಿ ಕುಟುಜೋವ್ ಕೊನೆಗೆ ಹಿಂದೆ ಸರಿದ. ಮಾಸ್ಕೋವನ್ನೇ ಬಿಟ್ಟುಕೊಟ್ಟು ಸೈನ್ಯವನ್ನು ಉಳಿಸಿಕೊಂಡ. ಸೇನಾನಿಯ ತಾಳ್ಮೆ ಎಂದರೇನೆಂದು ತಿಳಿಯಲು ಇದನ್ನೇ ಓದಬೇಕು.

ಎರಡನೇ ಮಹಾಯುದ್ಧದ ಸ್ಟಾಲಿನ್‌ಗ್ರಾಡ್ ಹಾಗಲ್ಲ. 1942ರ ಬೇಸಿಗೆಯಲ್ಲಿ ಶುರುವಾಗಿ 1943ರ ಫೆಬ್ರವರಿ 2ಕ್ಕೆ ಮುಗಿದ ಕದನವದು, ಓದಲು ವಾರಗಳೇ ಬೇಕು. ಆದರೆ ಎಷ್ಟೊಂದು ದಕ್ಕುತ್ತದೆ! ನಗರವನ್ನು ಕಾಯುತ್ತಿದ್ದ ಸೋವಿಯತ್ ಸೇನಾನಿ ಚುಯ್ಕೋವ್ ತನ್ನ 62ನೇ ಸೇನೆಯ ಸೈನಿಕರನ್ನು ಜರ್ಮನ್ನರಿಗೆ ತೀರಾ ಹತ್ತಿರದಲ್ಲೇ ನಿಲ್ಲಿಸಿದ. ಬಾಂಬ್ ಹಾಕಿದರೆ ತಮ್ಮವರೂ ಸಾಯುತ್ತಾರೆಂದು ಜರ್ಮನ್ ವಿಮಾನಗಳು ಹಿಂಜರಿಯಬೇಕಾಯಿತು. ನಗರದಲ್ಲಿ ಒಂದೊಂದು ಮಹಡಿಗೂ ಹೊಡೆದಾಟ ನಡೆದಿರುವಾಗಲೇ, ನವೆಂಬರ್ 19ರಿಂದ ಸೋವಿಯತ್ ಪಡೆಗಳು ದೂರದ ಪಾರ್ಶ್ವಗಳಲ್ಲಿದ್ದ, ಜರ್ಮನ್ನರ ಮಿತ್ರರಾದ ರೊಮೇನಿಯನ್ನರನ್ನು ಭೇದಿಸಿ, 23ರಂದು ನಗರದ ಪಶ್ಚಿಮಕ್ಕಿರುವ ಕಲಾಚ್ ಪಟ್ಟಣದ ಬಳಿ ಸಂಧಿಸಿ, ಜರ್ಮನ್ ಸೇನಾನಿ ಪೌಲಸ್‌ನ 6ನೇ ಸೇನೆಯನ್ನು ಸುತ್ತುವರಿದವು.

ಬಿಡುವು ಕಡಿಮೆಯಿದ್ದರೆ ಬೊರೊಡಿನೊ ಸಾಕು. ನನ್ನ ಒಲವು ಮಾತ್ರ ಸ್ಟಾಲಿನ್‌ಗ್ರಾಡ್‌ನತ್ತಲೇ. ಅದನ್ನು ಆರಿಸಿಕೊಂಡರೆ ನವೆಂಬರ್‌ನ ಮುತ್ತಿಗೆಯನ್ನು ಮೊದಲು ಓದಿ, ಬೀದಿ ಕಾಳಗಕ್ಕೆ ಆಮೇಲೆ ಬನ್ನಿ.